ಧಾಬಳಿಯೊಳಗಿನ ಮರಿಗಳು

ಈ ಕಥೆಯನ್ನು ಹೀಗೆ ಹೇಳಿದವಳು ಮಾಳಮಡ್ಡಿಯ ಕೌದಿ ಹೊಲಿಯುವ ಮೈಮುನಾ. ಹೇಳಿದ್ದು ೧೯೪೧ರ ಚಳಿಗಾಲದಲ್ಲಿ, ತನ್ನ ಮನೆಯ ಅಂಗಳದಲ್ಲಿ, ಓಣಿಯ ಹೆಂಗಸರು ಒಂದೇ ಕೌದಿಯ ಮೂಲೆ ಮೂಲೆ ಹಿಡಿದು ಸೂಜಿ ಆಡಿಸುತ್ತ ಕೂತಿದ್ದಾಗ. ಅವಳಿಗೆ ಇದು ಬಂದದ್ದು ತಾಯಿ ಲಾಲಬಿಯಿಂದ. ಲಾಲಬಿಗೆ ಬಂದದ್ದು ಹಿತ್ತಲ ಗೋಡೆಯ ಆಚೆಯಿಂದ, ಅಂಬಾಬಾಯಿಯ ಬಾಯಿಂದಲೇ. ಸ್ಟೇಶನ್ನಿನ ಟಾಂಗಾದವರು ಇದನ್ನು ಬೇರೆ ರೀತಿ ಹೇಳುತ್ತಾರೆ. ಅವರ ಕಥೆಯಲ್ಲಿ ಮರಿಗಳೂ ಹೆಚ್ಚು, ಬೈಗುಳಗಳೂ ಹೆಚ್ಚು. ಇಲ್ಲಿರುವುದು ಮೈಮುನಾ ಹೇಳಿದ ಪಾಠ. ನಡೆದದ್ದು ಅದಕ್ಕೆ ಏಳೆಂಟು ವರ್ಷ ಹಿಂದೆ, ಜ್ಯೇಷ್ಠಮಾಸದಲ್ಲಿ.

ಆಗ ಮಾಳಮಡ್ಡಿಯಲ್ಲಿ ತ್ರ್ಯಂಬಕರಾಯರೆಂಬ ವಕೀಲರ ಮನೆಯಿತ್ತು. ಮನೆಯಲ್ಲಿ ರಾಯರ ಮುದಿತಾಯಿ ಗೋದಾಬಾಯಿ, ಹೆಂಡತಿ ಮಂದಾಕಿನಿ, ಒಬ್ಬಳೇ ಮಗಳು ಇಂದು, ಮತ್ತು ತೀರಿಹೋದ ಅಣ್ಣನ ಹೆಂಡತಿ, ಅಂದರೆ ರಾಯರ ವೈನಿ, ಅಂಬಾಬಾಯಿ. ಅಂಬಾಬಾಯಿ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಅಡಿಗೆಮನೆಗೆ ಸೇರಿದವಳು. ಇಂದು ಹುಟ್ಟಿದಾಗ ಮಂದಾಕಿನಿ ಬಾಣಂತಿಜ್ವರದಿಂದ ಬಹುಕಾಲ ಹಾಸಿಗೆ ಹಿಡಿದಿದ್ದಳು. ಅರಳೆಯ ಬತ್ತಿಯನ್ನು ಆಕಳ ಹಾಲಿನಲ್ಲಿ ಅದ್ದಿ ಆ ಕೂಸಿನ ಬಾಯಿಗಿಟ್ಟು ಬದುಕಿಸಿದವಳು ಅಂಬಾಬಾಯಿ. ಇದನ್ನು ಮನೆಯಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ; ಯಾರೂ ಆಡುತ್ತಲೂ ಇರಲಿಲ್ಲ.

ಆ ಬಂಧುಬಳಗದಲ್ಲಿ ಯಾರ ಮನೆಯಲ್ಲಿ ಲಗ್ನ ಬಂದರೂ ಅಂಬಾಬಾಯಿಗೆ ಕರೆ ಬರುತ್ತಿತ್ತು. ಲಗ್ನಕ್ಕಲ್ಲ, ಲಗ್ನಕ್ಕೆ ಹೋದವರ ಮನೆ ಕಾಯುವುದಕ್ಕೆ. ಮಂಟಪದಲ್ಲಿ ಮುಖ ತೋರಿಸಬಾರದ ಹೆಂಗಸು ಇನ್ನೆಲ್ಲಿರಬೇಕು? ಕೀಲಿಕೈಯೊಂದಿಗೆ, ಕತ್ತಲೆ ಪಡಸಾಲೆಯಲ್ಲಿ. ಹಾಗೆ ಅವಳು ಕಾಯದ ಮನೆ ಮಾಳಮಡ್ಡಿಯಲ್ಲಿ ಕಡಿಮೆ. ಒಂದು ಬಾರಿಯೂ ಆಕೆ ಎದುರು ಮಾತಾಡಿದ್ದಿಲ್ಲ. ಆ ಜ್ಯೇಷ್ಠದಲ್ಲಿ ಮಾತಾಡಿದಳು, ಏಕೆಂದರೆ ಆ ಲಗ್ನ ಇಂದುವಿನದು.

ಲಗ್ನ ಗೊತ್ತಾದದ್ದು ಬೆಳಗಾವಿಯಲ್ಲಿ, ಗಂಡಿನ ಮನೆಯಲ್ಲೇ. ವರನ ಅಜ್ಜ ಹಾಸಿಗೆ ಬಿಟ್ಟು ಏಳಲಾರದವರಾದ್ದರಿಂದ. ಮುಂಚೆ ಒಂದು ವಾರ, ಆಮೇಲೆ ಕುಲದೇವರ ದರ್ಶನ, ಬೀಗರ ಉಪಚಾರ. ಒಟ್ಟು ತಿಂಗಳ ಮಾತು. ಹೊರಡುವ ದಿನ ಟಾಂಗಾ ಬಾಗಿಲಿಗೆ ಬಂದು ನಿಂತಿತು. ಡಬ್ಬಿಗಳು ಏರಿದವು. ಇಂದು ಪಡಸಾಲೆಯ ಕಂಬ ಹಿಡಿದು ನಿಂತಳು.

"ದೊಡ್ಡವ್ವ ಬರ್ಲಿಲ್ಲಂದ್ರ ನಾನೂ ಬರೂದಿಲ್ಲ."

"ಹುಚ್ಚೀಹಂಗ ಮಾಡಬ್ಯಾಡ ಇಂದೂ," ಅಂದರು ರಾಯರು. "ಮನಿ ಕಾಯವ್ರು ಯಾರು? ಅಜ್ಜಿಗೆ ಅನ್ನಾ ಹಾಕವ್ರು ಯಾರು?"

ಅಡಿಗೆಮನೆಯ ಬಾಗಿಲಲ್ಲಿ ಅಂಬಾಬಾಯಿ ಕಾಣಿಸಿಕೊಂಡಳು. "ಅತ್ತೀನ್ನೂ ಕರಕೊಂಡು ನಡೀರಿ. ಮನಿಗೆ ಕೀಲಿ ಹಾಕ್ರಿ. ಕೀಲಿ ಮಾಡಿಸಿದ್ದು ಯಾತಕ್ಕ?"

"ವೈನಿ, ಶುಭಕಾರ್ಯ. ನಿಮಗ ನಾ ಬಿಡಿಸಿ ಹೇಳಬೇಕೇನು?"

"ಹೇಳ್ರಿ. ಶ್ಯಾವಿಗಿ ಹೊಸೆದಾಕಿ ನಾನು. ಹಪ್ಪಳ ಸಂಡಿಗಿ ಒಣಗಿಸಿದಾಕಿ ನಾನು. ಆ ಡಬ್ಬೀ ತುಂಬ ಉಂಡಿ ಕಟ್ಟಿದಾಕಿ ನಾನು. ಉಂಡಿ ಮಂಟಪಕ್ಕ ನಡೀತಾವು, ಉಂಡಿ ಕಟ್ಟಿದ ಕೈ ಯಾಕ ನಡ್ಯಂಗಿಲ್ಲ?"

"ಉಂಡಿ ಹಿಂಗ ವಾದಾ ಮಾಡಂಗಿಲ್ಲ," ಅಂದರು ರಾಯರು. "ಈಗ ಒಂದಿಷ್ಟು ಒಳಗ ಹೋಗ್ರಿ. ನಾವು ಹೊರಡೂ ಹೊತ್ತು."

ಹೊರಡುವ ಹೊತ್ತಿಗೆ ವಿಧವೆ ಎದುರಿಗಿರಬಾರದು. ಅಂಬಾಬಾಯಿ ಬಾಗಿಲ ಹಿಂದೆ ಸರಿದಳು. ಮಂದಾಕಿನಿ ಬಂದು ಕೀಲಿಕೈಯನ್ನು ನೆಲದ ಮೇಲಿಟ್ಟು ಬೆರಳ ತುದಿಯಿಂದ ಮುಂದೆ ನೂಕಿದಳು. "ಅಕ್ಕಾ, ಮುಂಬಾಗಲದ್ದು, ಹಿತ್ತಲದ್ದು ಇಲ್ಲೆ ಅವ. ಉಗ್ರಾಣದ್ದು ನನ್ನ ಹಂತ್ಯಾಕ ಇರ್ಲಿ. ನಿಮ್ಮಿಬ್ಬರಿಗೆ ಆಗೂವಷ್ಟು ಅಕ್ಕಿ, ಜ್ವಾಳಾ ಅಳದು ಹೊರಗಿಟ್ಟೇನಿ."

"ಮನೀ ಪೂರ್ತಿ ನನ್ನ ಕೈಯಾಗ, ಅಕ್ಕಿ ಮಾತ್ರ ನಿನ್ನ ಸೊಂಟದಾಗ. ಛಲೋ ಆತು."

ಮಂದಾಕಿನಿ ಕೇಳಿಸದವಳಂತೆ ಹೋದಳು. ಅಷ್ಟರಲ್ಲಿ ಇಂದು ಓಡಿಬಂದು ದೊಡ್ಡವ್ವನ ಕೊರಳಿಗೆ ಬಿದ್ದಳು.

"ಮುಟ್ಟಿದೆಲ್ಲ! ಮಡ್ಯಾಗ ಇದ್ದೆ."

"ಮತ್ತ ಮೈ ತೊಳಕೋ. ದೊಡ್ಡವ್ವಾ, ನಾ ತಿರುಗಿ ಬಂದಾಗ ನೀ ಹೊಸ್ತಿಲದಾಗ ನಿಂತಿರಬೇಕು. ನಿನ್ನ ಮಾರೀ ನೋಡದ ನಾ ಒಳಗ ಕಾಲಿಡಂಗಿಲ್ಲ."

"ನಿಮ್ಮಪ್ಪ ನಿಂದರಗೊಡತಾನೇನು?"

"ನೀ ನಿಂದರು. ಅಪ್ಪನ್ನ ನಾ ನೋಡ್ಕೋತೇನಿ."

ಟಾಂಗಾ ಹೋಯಿತು. ಆ ಮೇಲೆ ಅಂಬಾಬಾಯಿ ಪಾತ್ರೆಗಳನ್ನು ತಿಕ್ಕಿದ ರಭಸಕ್ಕೆ ಗೋದಾಬಾಯಿ ಹಾಸಿಗೆಯಿಂದಲೇ ಕೂಗಿದಳಂತೆ: "ತಾಮ್ರ ಸವದು ತೂತು ಬಿದ್ದೀತು!" "ಬೀಳ್ಲಿ, ನಾ ಕೊಂಡದ್ದಲ್ಲ," ಅಂದಳಂತೆ ಅಂಬಾಬಾಯಿ.

ಒಂದೆರಡು ದಿನ ಹೀಗೇ ನಡೆಯಿತು. ಆಗ ಹಿತ್ತಲ ಗೋಡೆಯ ಮೇಲೆ ಲಾಲಬಿಯ ಮುಖ ಕಾಣಿಸಿತು. ಮಗಳು ಮೈಮುನಾಳಿಗೆ, ಆಗ ಹುಬ್ಬಳ್ಳಿಯಲ್ಲಿದ್ದ ಗಂಡನ ಮನೆಯಲ್ಲಿ, ದಿನ ತುಂಬುವ ಮುಂಚೆಯೇ ಹೆರಿಗೆಯಾಗಿತ್ತು.

"ಬಾಯಾರ, ನಾ ಹೊಂಟೇನ್ರಿ. ಮಗಳು ಹಾಸಿಗ್ಯಾಗ ಐತಿ, ಕೂಸು ಅಂಗೈಯಷ್ಟ ಐತಂತ. ನನ್ನ ಮನಿ ಕಡೆ ಒಂದ್ ಕಣ್ಣಿಡ್ರಿ."

"ಇಡ್ತೇನಿ, ನಡಿ. ಊರ ಮನಿ ಎಲ್ಲಾ ನಾನ ಕಾಯೂದು."

"ನನ್ನ ಕೆಂಪ ಕೋಳಿ ಎಲ್ಲೋ ಮಾಯ ಆಗೈತ್ರಿ. ಎಲ್ಲೆ ಕಾವಿಗೆ ಕುಂತೈತೋ ಏನೋ. ಕಂಡ್ರ ಈ ಕಡೆ ಓಡಸ್ರಿ."

"ಕೋಳಿ ಮಾತು ನನ್ನ ಮುಂದ ಆಡಬ್ಯಾಡ ಲಾಲಬಿ, ಈಗ ಸ್ನಾನಾ ಮಾಡೇನಿ."

ಕೋಳಿ ಎಲ್ಲಿಗೂ ಹೋಗಿರಲಿಲ್ಲ. ಗೋಡೆಯ ಕಿಂಡಿಯಲ್ಲಿ ನುಸುಳಿ ರಾಯರ ಮನೆಯ ಕುಳ್ಳಿನ ಕೊಟ್ಟಿಗೆಯಲ್ಲಿ, ಬೆರಣಿಗಳ ಸಾಲಿನ ಹಿಂದೆ, ತನ್ನ ಮೊಟ್ಟೆಗಳ ಮೇಲೆ ಕೂತಿತ್ತು. ಇದು ಗೊತ್ತಾದದ್ದು ಒಂದು ಮುಂಜಾನೆ, ಅಂಬಾಬಾಯಿ ಬಚ್ಚಲ ಒಲೆಗೆ ಕುಳ್ಳು ತರಲು ಹೋದಾಗ. ಕೊಟ್ಟಿಗೆಯ ಬಾಗಿಲಲ್ಲಿ ಕೆಂಪು ಪುಕ್ಕಗಳು ಹರಡಿದ್ದವು. ಕಾಡುಬೆಕ್ಕು ಎಳೆದೊಯ್ದ ರಕ್ತದ ಗೆರೆ ಗೋಡೆಯವರೆಗೆ. ಬೆರಣಿಗಳ ಹಿಂದೆ ಮೊಟ್ಟೆಗಳು. ಒಂದು ಬಿರುಕು ಬಿಟ್ಟಿತ್ತು. ಒಳಗಿನಿಂದ ಟಕ್ ಟಕ್ ಎಂದು ಯಾರೋ ಬಾಗಿಲು ತಟ್ಟುತ್ತಿದ್ದರು.

"ನನ್ನವಲ್ಲ," ಎಂದು ಗಟ್ಟಿಯಾಗಿ ಹೇಳಿ ಅಂಬಾಬಾಯಿ ಹಿಂದಿರುಗಿದಳು. ಗೋಡೆಯ ಬಳಿ ನಿಂತು ಕೂಗಿದಳು. ಲಾಲಬಿಯ ಬಾಗಿಲಿಗೆ ಕೀಲಿ. ಒಳಗೆ ಬಂದು ನೀರು ಕಾಸಿದಳು. ಮತ್ತೆ ಹೊರಗೆ ಹೋದಳು. ಆಗ ಒಂದು ಮರಿ ಒದ್ದೆಯಾಗಿ ಹೊರಬಿದ್ದು ತಲೆ ಎತ್ತಲಾರದೆ ಒದ್ದಾಡುತ್ತಿತ್ತು. ತುಂತುರು ಮಳೆ, ಮೇಲೆ ಗಾಳಿ. "ನಿಮ್ಮವ್ವಗ ಬ್ಯಾರೆ ಮನಿ ಸಿಗಲಿಲ್ಲೇನು? ಇಲ್ಲೆ ಬಂದು ಹಾಕಬೇಕಾಗಿತ್ತೇನು?" ಎಂದು ಬೈದುಕೊಂಡೇ ಮೊಟ್ಟೆಗಳನ್ನೂ ಮರಿಯನ್ನೂ ಬುಟ್ಟಿಗೆ ತುಂಬಿ, ಬಚ್ಚಲ ಒಲೆಯ ಬದಿಯ ಬಿಸಿ ಬೂದಿಯ ಮೇಲಿಟ್ಟಳು. ಆಮೇಲೆ ತಲೆಯ ಮೇಲೆ ನೀರು ಸುರಿದುಕೊಂಡಳು.

ಸಂಜೆಯ ಹೊತ್ತಿಗೆ ಏಳು ಮರಿಗಳಾದವು. ಉಳಿದ ಮೊಟ್ಟೆಗಳು ಮಾತಾಡಲಿಲ್ಲ.

ಕೋಳಿಯ ಬಗ್ಗೆ ಆಕೆಗೆ ಏನೂ ಗೊತ್ತಿರಲಿಲ್ಲ. ತಿಳಿಯದಿರುವುದೇ ಆ ಮನೆಯ ಆಚಾರ. ಆಕೆಗೆ ಗೊತ್ತಿದ್ದದ್ದು ಒಂದೇ ಒಂದು ತಾಯಿಯಿಲ್ಲದ ಕೂಸನ್ನು ಸಾಕುವ ಬಗೆ. ಅರಳೆಯ ಬತ್ತಿ ಹೊಸೆದು, ಆಕಳ ಹಾಲಿನಲ್ಲಿ ಅದ್ದಿ, ಮರಿಯ ಕೊಕ್ಕಿಗಿಟ್ಟಳು. ಮರಿ ಉಸಿರುಗಟ್ಟಿ ಕಣ್ಣು ತೇಲಿಸಿ, ಹೇಗೋ ಸುಧಾರಿಸಿಕೊಂಡಿತು. ಎರಡನೆಯದಕ್ಕೂ ಹಾಗೇ ಮಾಡಿದಳು, ಅದು ಸತ್ತೇಹೋಯಿತು. ಕರಿಬೇವಿನ ಬುಡದಲ್ಲಿ ಅದನ್ನು ಹೂತು ಬಂದು, ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ ಮೊರದಲ್ಲಿದ್ದ ಅಕ್ಕಿಯನ್ನು ಕೇರತೊಡಗಿದಳು. ನುಚ್ಚು ನೆಲಕ್ಕೆ ಬಿತ್ತು. ಬುಟ್ಟಿಯಿಂದ ಇಳಿದು ಬಂದ ಒಂದು ಮರಿ ಅದನ್ನು ಕುಟುಕಿ ತಿಂದು ಇನ್ನೊಂದಕ್ಕೆ ಕೊರಳು ಚಾಚಿತು.

"ಹಿಂಗೋ!" ಅಂದಳು ಅಂಬಾಬಾಯಿ. "ಮದ್ಲ ಹೇಳಲಿಕ್ಕೆ ನಿನಗೇನಾಗಿತ್ತು?"

ಉಳಿದದ್ದು ಚಳಿಯ ಪ್ರಶ್ನೆ. ಒಲೆಯ ಬೂದಿ ಆರುತ್ತಿತ್ತು, ಹರಕು ಸೀರೆಯಲ್ಲಿ ಮರಿಗಳು ನಡುಗುತ್ತಿದ್ದವು. ಪಡಸಾಲೆಯ ಮಡಿಯ ಗಳದ ಮೇಲೆ ರಾಯರ ಹಳೆಯ ಧಾಬಳಿ ಇತ್ತು. ಪೂಜೆಗೆ ಉಡುವ ಉಣ್ಣೆಯ ಬಟ್ಟೆ. ಹೊಸದನ್ನು ಅವರು ಬೆಳಗಾವಿಗೆ ಒಯ್ದಿದ್ದರು. ಹತ್ತಿಯ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮಡಿ ಹೋಗುತ್ತದೆ, ಉಣ್ಣೆಗೆ, ರೇಷ್ಮೆಗೆ ಹೋಗುವುದಿಲ್ಲವೆಂದು ರಾಯರೇ ನೂರು ಸಲ ಹೇಳಿದ್ದರು. ಅಂಬಾಬಾಯಿ ಗಳದಿಂದ ಧಾಬಳಿಯನ್ನೆಳೆದು ಬುಟ್ಟಿಗೆ ಹಾಸಿದಳು. ಮರಿಗಳು ಅದರ ಮಡಿಕೆಯೊಳಗೆ ತೂರಿಕೊಂಡು ಸುಮ್ಮನಾದವು.

ಗೋದಾಬಾಯಿಯ ಕಾಲಿಗೆ ವಾತ ಹಿಡಿದಿತ್ತು, ಕಿವಿಗೆ ಏನೂ ಆಗಿರಲಿಲ್ಲ.

"ಅಂಬಾ, ಏನದು ಚಿಂವ್ ಚಿಂವ್?"

"ಗುಬ್ಬಿ, ಅತ್ತೀ."

"ಬಚ್ಚಲದಾಗ ಗುಬ್ಬಿ?"

"ಮಳಿ ಅಲ್ಲೇನ್ರಿ, ಒಳಗ ಬಂದಾವು."

ಮರುದಿನ ಆ ‘ಗುಬ್ಬಿ’ಗಳಲ್ಲೊಂದು ನಡೆದುಕೊಂಡೇ ಪಡಸಾಲೆಗೆ ಬಂದು ಗೋದಾಬಾಯಿಯ ಹಾಸಿಗೆಯ ಮುಂದೆ ನಿಂತಿತು. ಮುದುಕಿ ಕಿರಿಚಿದ್ದು ಓಣಿಯ ಕೊನೆಗೆ ಕೇಳಿತಂತೆ. "ವಿಠ್ಠಲಾ! ಕೋಳಿ! ಸಾಳಿಗ್ರಾಮ ಇದ್ದ ಮನ್ಯಾಗ ಕೋಳಿ! ಒಗಿ ಹೊರಗ, ಒಗಿ!"

"ಒಗದ್ರ ಸಾಯ್ತಾವ್ರಿ."

"ಸಾಯಲಿ! ನೀ ಮುಟ್ಟಿದ ಅನ್ನಾ ನಾ ಉಣ್ಣಂಗಿಲ್ಲ."

ಆ ದಿನ ಗೋದಾಬಾಯಿ ಹಾಲು ಬಾಳೆಹಣ್ಣಿನ ಮೇಲೆ ಇದ್ದಳು. ಮಾರನೆಯ ದಿನ ಮಧ್ಯಾಹ್ನ, ಸಾರಿನ ಒಗ್ಗರಣೆಯ ವಾಸನೆ ಪಡಸಾಲೆಗೆ ಬಂದಾಗ, ಕೇಳಿದಳು: "ಸ್ನಾನಾ ಮಾಡಿಯೇನು?"

"ಮಾಡೇನಿ."

"ಎಷ್ಟ ಸಲ?"

"ನಿಮ್ಮ ಹೊಟ್ಟಿ ಎಷ್ಟ ಸಲ ಅಂತದ ಅಷ್ಟ ಸಲ."

"ನಾಲಿಗಿ ನೋಡು, ನಾಲಿಗಿ! ಬಡಸು."

ಏಕಾದಶಿ ಬಂತು. ಆ ದಿನ ಕಾಳುಕಡಿ ಮುಟ್ಟುವಂತಿಲ್ಲ. ಅಂಬಾಬಾಯಿ ನೀರೂ ಕುಡಿಯದೆ, ಒರಳಿನ ಮುಂದೆ ಕೂತು ಜೋಳದ ನುಚ್ಚು ಮಾಡಿದಳು.

"ಏಕಾದಶಿ ದಿನ ಜ್ವಾಳಾ ಕುಟ್ಟತೀ? ನಿನಗ ನರಕಾ ಬ್ಯಾರೆ ಹುಡುಕಬೇಕು."

"ನನ್ನ ಏಕಾದಶಿ ನಾ ಮಾಡೇನಿ. ಅವುಕ್ಕ ಯಾರೂ ಹೇಳಿಲ್ಲ."

"ಯಾರ ಪಾಲಿನ ಜ್ವಾಳಾ ಅದು?"

"ನನ್ನ ಪಾಲಿಂದು. ನಿಮ್ಮ ಸೊಸಿ ಅಳದಿಟ್ಟ ಹೋಗ್ಯಾಳಲ್ಲ. ನಾ ಒಪ್ಪತ್ತು ಉಣ್ಣಾಕಿ, ಅದ್ರಾಗೂ ಅರ್ಧಾ ಉಳೀತದ."

ಗೋದಾಬಾಯಿ ಗೋಡೆಯ ಕಡೆ ತಿರುಗಿ ಮಲಗಿದಳು. ಆದರೆ ಮಾರನೆಯ ದಿನದಿಂದ ಅವಳ ಎಲೆಯಲ್ಲಿ ಒಂದು ಹಿಡಿ ಅನ್ನ ಉಳಿಯತೊಡಗಿತು. "ಹಸಿವಿಲ್ಲ," ಅನ್ನುತ್ತಿದ್ದಳು. ಅಂಬಾಬಾಯಿ ಎಲೆಯನ್ನು ಹಿತ್ತಲಿಗೆ ಎಸೆಯುವಾಗ ಅದನ್ನು ಯಾರು ತಿನ್ನುತ್ತಾರೆಂದು ಮುದುಕಿ ಕೇಳುತ್ತಿರಲಿಲ್ಲ.

ಲಗ್ನದ ದಿನ ಬೆಳಗಿನಿಂದ ಮಳೆ. ಇಬ್ಬರೂ ಹೊತ್ತು ನೋಡುತ್ತಿದ್ದರು, ಇಬ್ಬರೂ ನೋಡದವರಂತಿದ್ದರು.

"ಈಗ ಅಕ್ಷತಿ ಬಿದ್ದಿರಬೇಕು," ಅಂದಳು ಗೋದಾಬಾಯಿ.

"ಬಿದ್ದಿರ್ತಾವು."

"ನನ್ನ ಯಾಕ ಒಯ್ಯಲಿಲ್ಲ ತ್ರ್ಯಂಬಕ? ಗಾಡ್ಯಾಗ ಜಾಗಾ ಇಲ್ಲಂದ. ಕಾಲು ನೋಯ್ತಾವ ಅಂದ."

"ಉಂಡೀ ಡಬ್ಬಿಗೆ ಜಾಗಾ ಇತ್ತಲ್ರಿ."

"ನಾ ಅವನ ತಾಯಿ, ಅಂಬಾ."

"ನೀವೂ ಕೆಂಪ ಸೀರಿ ಉಟ್ಟೀರಿ. ಅವಗ ಕಂಡದ್ದು ಅಷ್ಟ."

"ಬಾಯಿ ಮುಚ್ಚು!"

"ಮುಚ್ಚೇ ಇದ್ನೆಲ್ರಿ ಇಷ್ಟ ವರ್ಷ!" ಅಂಬಾಬಾಯಿಯ ಕೈಯಲ್ಲಿದ್ದ ಹಿಟ್ಟಿನ ಬೋಗುಣಿ ನೆಲಕ್ಕೆ ಕುಕ್ಕಿತು. "ಈ ಪದ್ಧತಿ ನನಗ ಕಲಿಸಿದವ್ರು ಯಾರು? ಅವರು ಹೋದ ಹತ್ತನೇ ದಿನ ಹಜಾಮನ್ನ ಕರಿಸಿದವ್ರು ಯಾರು? ನಾ ಬ್ಯಾಡ ಬ್ಯಾಡ ಅಂತ ಒದರಿದ್ರ, ಬಾಗಲಾ ಹಾಕಿ ನನ್ನ ಎರಡೂ ಕೈ ಹಿಡದವ್ರು ಯಾರು? ಇವತ್ತ ನಿಮ್ಮನ್ನ ಬಿಟ್ಟು ಹೋದ್ರು ಅಂತ ನಿಮಗ ಅಳು ಬರ್ತದ. ಅಳ್ರಿ. ನಾ ಕೂತು ನೋಡ್ತೇನಿ."

ಒಂದು ಮರಿ ಬುಟ್ಟಿಯಿಂದಿಳಿದು, ಯಾರಿಗೂ ಅಂಜದೆ, ಗೋದಾಬಾಯಿಯ ಹೊದಿಕೆಯ ಸಂದಿನಲ್ಲಿ ನುಸುಳಿತು. ಮುದುಕಿ ಕಿರಿಚಲಿಲ್ಲ. ಹೊದಿಕೆಯನ್ನು ಮರಿಯ ಮೇಲೆಳೆದು, "ನಾನ ಹಿಡದಿದ್ದೆ," ಅಂದಳು.

ಅಂಬಾಬಾಯಿ ಹಿಟ್ಟು ಬಳಿದುಕೊಂಡು ಒಳಗೆ ಹೋದಳು. ಕ್ಷಮಿಸಿದೆನೆಂದು ಆಕೆ ಹೇಳಲಿಲ್ಲ; ಮುಂದೆಯೂ ಎಂದೂ ಹೇಳಲಿಲ್ಲವೆಂದು ಲಾಲಬಿ ಒತ್ತಿ ಹೇಳುತ್ತಿದ್ದಳಂತೆ. ಸಂಜೆ ಪಡಸಾಲೆಗೆ ಬಂದಾಗ ಧಾಬಳಿಸಹಿತ ಬುಟ್ಟಿಯೇ ಗೋದಾಬಾಯಿಯ ಕಾಲ ಬಳಿ ಇತ್ತು.

"ಕಾಲು ಬೆಚ್ಚಗ ಆಗ್ತಾವು," ಅಂದಳು ಮುದುಕಿ. "ಯಾರ ಮುಂದೂ ಆಡಬ್ಯಾಡ."

ಮರಿಗಳಿಗೆ ರೆಕ್ಕೆಯ ಗರಿ ಮೂಡುವ ಹೊತ್ತಿಗೆ ರಾಯರೂ ಮಂದಾಕಿನಿಯೂ ಬಂದರು. ಮಗಳು ಅಳಿಯ ಬೀಗರು ಮಾರನೆಯ ದಿನದ ಗಾಡಿಗೆ ಬರುವವರು. ಅಂದೇ ಸತ್ಯನಾರಾಯಣ ಪೂಜೆ. ರಾಯರು ಹೊಸ ಧಾಬಳಿ ಹೊದ್ದು ಪಡಸಾಲೆಗೆ ಕಾಲಿಟ್ಟಾಗ ಹಳೆಯ ಧಾಬಳಿ ತಾಯಿಯ ಕಾಲ ಮೇಲಿತ್ತು. ಅದರಿಂದ ಮೂರು ತಲೆ ಹೊರಬಂದು ಅವರನ್ನು ನೋಡಿದವು.

"ಇದೇನ್ರಿ ವೈನಿ?"

"ಕೋಳೀ ಮರಿ."

"ಅದು ಕಾಣ್ಲಿಕತ್ತದ! ನಮ್ಮ ಮನ್ಯಾಗ ಯಾಕವ?"

"ನಮ್ಮ ಕೊಟ್ಟಿಗ್ಯಾಗ ಹುಟ್ಟಿದ್ವು. ಅವರವ್ವನ್ನ ಬೆಕ್ಕು ಒಯ್ತು. ಲಾಲಬಿ ಊರಾಗಿಲ್ಲ. ಬಂದ ಕೂಡ್ಲೆ ಕೊಡ್ತೇನಿ."

"ನನ್ನ ಪೂಜಾದ ಧಾಬಳಿ! ಮೈಲಿಗಿ ಮಾಡಿಟ್ಟೀರಿ!"

"ಧಾಬಳಿಗೆ ಮೈಲಿಗಿ ಇಲ್ಲಂತ ನೀವ ಹೇಳೀರಿ."

"ಅದು... ಅದು ಹಂಗಲ್ಲ."

"ಹೆಂಗ ಮತ್ತ? ಈಗ ಮೈಮ್ಯಾಲೆ ಇದ್ದದ್ದು ಹೊದಕೊಂಡು ರೈಲಿನ್ಯಾಗ ಬಂದ್ರೆಲ್ಲ, ಬಾಜೂಕ ಯಾರ ಕೂತಿದ್ರು?"

"ಯಾರರ ಕೂತಿರ್ಲಿ!"

ಬಿಚ್ಚುತ್ತಿದ್ದ ಗಂಟಿನಿಂದ ತಲೆಯೆತ್ತದೆ ಮಂದಾಕಿನಿ ಅಂದಳು: "ಬೆಳಗಾವಿ ದಂಡಿನವರು. ಒಬ್ಬಾಂವ ದಾರೀ ತುಂಬ ತತ್ತಿ ಸುಲದು ಸುಲದು ತಿಂದ ನೋಡ್ರಿ ಅಕ್ಕಾ, ನಾ ಮೂಗಿಗೆ ಸೆರಗು ಹಿಡಕೊಂಡ ಕೂತಿದ್ದೆ."

"ಮಂದಾಕಿನೀ!" ಎಂದು ರಾಯರು ಗುಡುಗಿದರು.

"ಅಂವ ಬಾಜೂಕ ಕೂತು ತತ್ತಿ ತಿಂದ್ರ ಧಾಬಳಿಗೆ ಏನೂ ಆಗಲಿಲ್ಲ," ಅಂದಳು ಅಂಬಾಬಾಯಿ. "ಮರಿ ಬದುಕಿದ್ರ ಮೈಲಿಗಿ ಆತೇನು?"

ಆಗಲೇ ನಾಳೆಯ ಬಾಡಿಗೆ ಗೊತ್ತುಮಾಡಿಕೊಳ್ಳಲು ಟಾಂಗಾದ ಗುರುಶಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ರಾಯರು ಅವನ ಕಡೆ ತಿರುಗಿದರು. "ಏ, ಈ ಬುಟ್ಟಿ ಒಯ್ಯಿ. ಏನರ ಮಾಡ್ಕೋ, ಬೇಕಾದ್ರ ತಿನ್ನು."

ಗುರುಶಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೊರಳ ಲಿಂಗದ ಕರಡಿಗೆ ಮುಟ್ಟಿಕೊಂಡ. "ಶಿವ ಶಿವಾ! ನಾವು ಲಿಂಗವಂತ್ರು, ರಾಯರ. ನನ್ನ ಕುದ್ರೀನೂ ಮುಟ್ಟೂದಿಲ್ರಿ."

ಗೋದಾಬಾಯಿಯ ಹಾಸಿಗೆಯಿಂದ ಒಂದು ಸದ್ದು ಬಂತು. ಕೆಮ್ಮೆಂದು ರಾಯರು ತಿಳಿದರು. ಅವರ ಮುಖ ಕೆಂಪಾಯಿತು. ದನಿ ಇಳಿಸಿ ಮಾತಾಡಿದರು. ಕೋರ್ಟಿನಲ್ಲಿಯೂ ಅವರು ಹೀಗೇ ಮಾತಾಡುತ್ತಿದ್ದರಂತೆ.

"ಕೇಳ್ರಿ ವೈನಿ. ನಾಳೆ ನಾವು ಸ್ಟೇಶನ್ನಿನಿಂದ ಬರೂದ್ರಾಗ ಇವು ಗ್ವಾಡೀ ಆಚೆ ಬಿದ್ದಿರಬೇಕು. ಅಡಿಗಿ ಮುಗಿಸಿ ನೀವು ಹಿತ್ತಲ ಖೋಲ್ಯಾಗ ಕೂಡ್ರಬೇಕು. ಬೀಗರು ಒಳಗ ಬರೂ ಹೊತ್ತಿಗೆ ನಿಮ್ಮ ಸುಳಿವು ಇರಬಾರದು. ಇಲ್ಲಂದ್ರ ನಾಡದ ನರಗುಂದಕ್ಕ ಹೊರಡ್ರಿ, ನಿಮ್ಮ ತವರಿಗೆ."

ನರಗುಂದದಲ್ಲಿ ಅಂಬಾಬಾಯಿಯ ಅಣ್ಣ ತೀರಿಕೊಂಡು ವರ್ಷಗಳಾಗಿದ್ದವು. ಅವನ ಮಕ್ಕಳು ಈಕೆಯ ಹೆಸರನ್ನೂ ಅರಿಯರು. ಅದು ರಾಯರಿಗೂ ಗೊತ್ತಿತ್ತು.

"ಇಂದೂನ್ನ ನೋಡೂದು?"

"ಪೂಜಾ ಮುಗದ ಮ್ಯಾಲೆ ನೋಡಿದ್ರಾತು."

ಅಂಬಾಬಾಯಿ ಬೆಳಿಗ್ಗೆ ಎದ್ದು ಅಡಿಗೆಗೆ ನಿಂತಳು. ಹೂರಣ ರುಬ್ಬಿದಳು, ಹೋಳಿಗೆ ಬೇಯಿಸಿದಳು, ಕಟ್ಟಿನ ಸಾರು ಕುದಿಸಿದಳು, ಪ್ರಸಾದದ ಸಜ್ಜಿಗೆ ತಿರುವಿದಳು. ರಾಯರು, ಮಂದಾಕಿನಿ ಸ್ಟೇಶನ್ನಿಗೆ ಹೊರಟಾಗ ಒಲೆಯ ಮುಂದೆಯೇ ಇದ್ದಳು. ಟಾಂಗಾದ ಗೆಜ್ಜೆಯ ಸದ್ದು ಓಣಿಯ ತಿರುವಿನಲ್ಲಿ ಅಡಗಿದ ಮೇಲೆ ಕೈ ತೊಳೆದು, ಹಿತ್ತಲ ಬಾಗಿಲಿಗೆ ಕೀಲಿ ಹಾಕಿದಳು. ಗೋದಾಬಾಯಿಯ ಕಾಲ ಬಳಿಯಿಂದ ಬುಟ್ಟಿಯನ್ನೆತ್ತಿಕೊಂಡಳು.

"ಎಲ್ಲೆ ಒಯ್ಲಿಕತ್ತಿ? ಗ್ವಾಡೀ ಆಚೆ ಒಗೀತೀ?"

"ಇಲ್ಲ."

"ಮತ್ತ?"

"ಮನಿ ಕಾಯ್ತೇನಿ," ಅಂದು ಹೊರಗೆ ಬಂದು, ಮುಂಬಾಗಿಲಿಗೆ ದೊಡ್ಡ ಕೀಲಿ ಹಾಕಿ, ಬೀದಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಳು. ಒಂದು ಬದಿಗೆ ನೀರಿನ ತಂಬಿಗೆ, ಇನ್ನೊಂದು ಬದಿಗೆ ಬುಟ್ಟಿ. ಹೋಗುವ ಬರುವ ಜನ ನಿಂತು ನೋಡಿದರು. ಆಕೆ ತಲೆಯ ಮೇಲಿನ ಸೆರಗನ್ನೂ ಸರಿಮಾಡಿಕೊಳ್ಳಲಿಲ್ಲ.

ಎರಡು ಟಾಂಗಾ ಬಂದವು. ಮುಂದಿನದರಲ್ಲಿ ರಾಯರು, ಮಂದಾಕಿನಿ. ಹಿಂದಿನದರಲ್ಲಿ ಇಂದು, ಅವಳ ಗಂಡ, ಬೀಗರಾದ ಬಿಂದುಮಾಧವರಾಯರು. ಕಟ್ಟೆಯನ್ನು ಕಂಡೊಡನೆ ರಾಯರು ಟಾಂಗಾ ನಿಲ್ಲುವ ಮುಂಚೆಯೇ ಇಳಿದು ಬಂದರು.

"ವೈನಿ, ಇದೇನ ಹಚ್ಚೀರಿ? ಏಳ್ರಿ. ಕೀಲಿ ತಗೀರಿ."

"ತಗೀತೇನಿ. ಇಂದು ಈ ಹೊಸ್ತಿಲಾ ದಾಟೂವಾಗ ಅಕೀ ಕಾಲಿಗೆ ನೀರು ಹಾಕಾಕಿ ನಾನು. ಲಾಲಬಿ ಬರೂತನಾ ಈ ಮರಿ ಇಲ್ಲೇ ಇರ್ತಾವು. ಹ್ಞೂಂ ಅನ್ರಿ, ತಗೀತೇನಿ."

"ಬೀಗರು ನೋಡ್ಲಿಕತ್ತಾರ! ಮುಹೂರ್ತ ಮೀರತದ!"

"ಮೀರಲಿ. ನಾ ತಂದ ಕೀಲಿ ಅಲ್ಲ ಇದು, ನೀವ ಕೊಟ್ಟದ್ದು."

"ನರಗುಂದ ನೆನಪಿರ್ಲಿ."

"ನೆನಪದ. ನಾಳೆ ತಿಕೀಟು ತಗಸ್ರಿ, ಹೋಗ್ತೇನಿ. ಇವತ್ತ ಮಾತ್ರ ಏಳೂದಿಲ್ಲ."

ಹಿಂದಿನ ಟಾಂಗಾದಿಂದ ಬಿಂದುಮಾಧವರಾಯರು ಕುತ್ತಿಗೆ ಚಾಚಿದರು. "ಏನ್ರಿ ವಕೀಲ್ರ, ಹೋಳಿಗಿ ವಾಸನಿ ಬರ್ಲಿಕತ್ತದ, ಬಾಗಲಾ ಯಾಕ ಹಾಕ್ಯದ?"

"ಏನಿಲ್ರಿ, ಕೀಲಿ... ಕೀಲಿ ಒಂಚೂರು ಬಿಗಿಯಾಗ್ಯದ," ಅಂದರು ರಾಯರು. ಮತ್ತೆ ಅಂಬಾಬಾಯಿಯ ಕಡೆ ಬಾಗಿ ಹಲ್ಲು ಕಚ್ಚಿದರು: "ಒಳಗ ಅವ್ವ ಒಬ್ಬಾಕಿನ ಇದ್ದಾಳ. ಅಕೀಗೇನರ ಆದ್ರ?"

ಆಗ ಪಡಸಾಲೆಯ ಕಿಟಕಿಯ ಸರಳುಗಳ ಹಿಂದೆ, ಹಾಸಿಗೆ ಬಿಟ್ಟೇಳಲಾರದ ಗೋದಾಬಾಯಿಯ ಮುಖ ಕಾಣಿಸಿತು. ತೆವಳಿಕೊಂಡು ಬಂದಿದ್ದಳು.

"ತಗೀಬ್ಯಾಡ ಅಂಬಾ! ಅಂವ ಹ್ಞೂಂ ಅನ್ನೂತನಾ ತಗೀಬ್ಯಾಡ!"

"ಅವ್ವಾ!"

"ಯಾರೋ ನಿನ್ನ ಅವ್ವ? ಮಮ್ಮಗಳ ಲಗ್ನಕ್ಕ ಉಂಡೀ ಡಬ್ಬೀ ಒಯ್ದಿ, ನನ್ನ ಬಿಟ್ಟ ಹೋದಿ. ಅಕಿ ನರಗುಂದಕ್ಕ ಹೋದ್ರ ಎರಡು ತಿಕೀಟು ತಗಸು. ನಾ ಹೊರಿಸಿಕೊಂಡರ ಹೋಗ್ತೇನಿ, ಹರಕೊಂಡರ ಹೋಗ್ತೇನಿ!"

ಓಣಿಯಲ್ಲಿ ನಗೆ ಎದ್ದಿತು. ರಾಯರು ಯಾರ ಕಡೆ ನೋಡಬೇಕೆಂದು ತಿಳಿಯದೆ ನಿಂತಿರುವಾಗ ಇಂದು ಟಾಂಗಾದಿಂದಿಳಿದಳು. ಹಸಿರು ಬಳೆ, ಹೂದಂಡೆ ಮುಡಿದ ತಲೆ, ಅತ್ತೆಮನೆಯ ರೇಷ್ಮೆಯ ಸೀರೆ. ಅಪ್ಪನ ಮುಂದಿನಿಂದಲೇ ಹಾದು ಬಂದು ಕಟ್ಟೆಯ ಮೇಲೆ ದೊಡ್ಡವ್ವನ ಮಗ್ಗುಲಲ್ಲಿ ಕೂತು, ಬುಟ್ಟಿಯನ್ನೆತ್ತಿ ಮಡಿಲಲ್ಲಿಟ್ಟುಕೊಂಡಳು. ಒಂದು ಮರಿ ಜರಿಯ ಸೆರಗನ್ನು ಕುಟುಕಿ ನೋಡಿತು.

"ಏಳು ಇಂದೂ!" ಅಂದರು ರಾಯರು. "ಸೀರಿ!"

"ರೇಷ್ಮಿಗೂ ಮೈಲಿಗಿ ಇಲ್ಲಲ್ಲಪ್ಪಾ," ಅಂದಳು ಇಂದು. "ನೀವ ಹೇಳಿದ್ರಿ."

ಗುರುಶಿದ್ದಪ್ಪ ಲಗಾಮು ಜಗ್ಗಿದ. "ರಾಯರ, ಲಗೂ ಹ್ಞೂಂ ಅನ್ರಿ. ಕುದ್ರಿ ನಿಂದರವಲ್ದು."

"ಹ್ಞೂಂ," ಅಂದರು ರಾಯರು, ನೆಲ ನೋಡುತ್ತ.

"ಕೇಳಸ್ಲಿಲ್ಲ," ಅಂದಳು ಗೋದಾಬಾಯಿ ಕಿಟಕಿಯಿಂದ.

"ಹ್ಞೂಂ ಅಂದೆ!"

ಅಂಬಾಬಾಯಿ ಎದ್ದು ಕೀಲಿ ತೆಗೆದಳು. ಹೊಸ್ತಿಲಲ್ಲಿ ನಿಂತು ಇಂದುವಿನ ಕಾಲಿಗೆ ನೀರು ಹಾಕಿದಳು. ನೀರು ಸೀರೆಯ ನೆರಿಗೆಯ ಮೇಲೂ ಬಿತ್ತು. ಅಳಿಯನಿಗೆ ಏನೂ ತಿಳಿಯಲಿಲ್ಲ. ಇದು ಈ ಮನೆಯ ಪದ್ಧತಿ ಇರಬೇಕೆಂದು ತಾನೂ ಕಾಲು ಮುಂದೆ ಮಾಡಿದ. ಅವನಿಗೂ ಹಾಕಿದಳು.

ನರಗುಂದಕ್ಕೆ ಯಾರೂ ಹೋಗಲಿಲ್ಲ. ರಾಯರು ಶ್ರಾವಣ ಮುಗಿಯುವವರೆಗೆ ವೈನಿಯೊಡನೆ ಮಾತಾಡಲಿಲ್ಲ; ಆಕೆಯೂ ಆಡಿಸಲಿಲ್ಲ, ಅನ್ನ ಮಾತ್ರ ಹೊತ್ತಿಗೆ ಸರಿಯಾಗಿ ಬಡಿಸಿದಳು. ಹಳೆಯ ಧಾಬಳಿ ಗೋದಾಬಾಯಿಯ ಕಾಲ ಮೇಲೆಯೇ ಉಳಿಯಿತು. ಮುಂದೆ ಯಾರಾದರೂ ಮನೆ ಕಾಯಲು ಕರೆಯಬಂದರೆ ಅಂಬಾಬಾಯಿ ಒಂದೇ ಮಾತು ಹೇಳುತ್ತಿದ್ದಳು: "ಪ್ಯಾಟ್ಯಾಗ ಕೀಲಿ ಸಿಗ್ತಾವು."

ಮೈಮುನಾ ಇಲ್ಲಿಗೆ ನಿಲ್ಲಿಸಿ ದಾರವನ್ನು ಹಲ್ಲಿನಿಂದ ಕಡಿದಳು.

"ಮತ್ತ ಮರಿ?" ಎಂದು ಕೌದಿಯ ಆಚೆ ಮೂಲೆಯಲ್ಲಿ ಕೂತಿದ್ದ, ಗಂಡ ತೀರಿದ ಶೇವಂತೆವ್ವ ಕೇಳಿದಳು.

"ನಮ್ಮವ್ವ ಬಂದು ತಗೊಂಡ್ಳು. ಆದ್ರ ಅವು ದಿನಾ ಮುಂಜಾನೆದ್ದು ಕಿಂಡ್ಯಾಗ ಹಾದು ಆ ಮನಿಗೇ ಹೋಗ್ತಿದ್ವು. ನಮ್ಮವ್ವ ಕಿಂಡಿ ಮುಚ್ಚಾಕ ಹ್ವಾದ್ರ ಆ ಕಡೆಯಿಂದ ಮುದುಕಿ ಬೈತಿತ್ತಂತ."

ಹೆಂಗಸರು ನಕ್ಕರು. ಬಿಸಿಲು ಗೋಡೆಯಿಂದ ಇಳಿದಿತ್ತು. ಹೊಲಿಗೆ ಅರ್ಧಕ್ಕೆ ಬಂದ ಕೌದಿಯನ್ನು ನಾಲ್ಕು ಜನ ಹಿಡಿದು ಮಡಿಚಿದರು, ಸೂಜಿಗಳನ್ನು ಅದರ ಅಂಚಿಗೆ ಚುಚ್ಚಿಟ್ಟರು. ಶೇವಂತೆವ್ವ ಸೊಂಟದಿಂದ ಒಂದು ಕೀಲಿಕೈ ತೆಗೆದು ನೋಡಿದಳು. ಲಗ್ನಕ್ಕೆ ಹೋದ ಯಾರದೋ ಮನೆಯದು, ಕಾಯಲು ಕೊಟ್ಟುಹೋದದ್ದು. ಅದನ್ನು ಮತ್ತೆ ಸಿಕ್ಕಿಸಿಕೊಂಡು, ಉಳಿದವರಿಗಿಂತ ಬಿರುಸಾಗಿ ನಡೆದು ಹೋದಳು. ಉಳಿದವರೂ ಸೆರಗು ಕೊಡವಿಕೊಂಡು, ಒಲೆ ಹಚ್ಚುವ ಹೊತ್ತಾಯಿತೆಂದು ತಂತಮ್ಮ ಮನೆಗೆ ಹೋದರು.